ಅಮ್ಮನ ಮರೆವು, ನಿನ್ನ ಲೀಡ್ಸ್ ಕೆಲಸ

ತಂಗಿ, ಲೀಡ್ಸ್‌ಗೆ ಬಂದು ಇನ್ನೂ ಸರಿಯಾಗಿ ಪೆಟ್ಟಿಗೆ ಬಿಚ್ಚಿಲ್ಲ ಅಂತ ಕಾಣುತ್ತದೆ. ಬಾಡಿಗೆ ಮನೆ, ಚಳಿಗೆ ಎಂಥ ಜಾಕೆಟ್, ಉದ್ದಿನಬೇಳೆ ಎಲ್ಲಿ ಸಿಗುತ್ತದೆ ಅಂತೆಲ್ಲ ಉದ್ದಕ್ಕೆ ಕೇಳಿದ್ದೀಯ. ನಿಜವಾದ ಪ್ರಶ್ನೆ ಮಾತ್ರ ಕೊನೆಯ ಎರಡು ಸಾಲಿನಲ್ಲಿತ್ತು. ಹೊಸನಗರದ ಹತ್ತಿರ ತೋಟದ ಮನೆಯಲ್ಲಿ ಅಮ್ಮ ಒಬ್ಬರೇ, ಎಪ್ಪತ್ತು ದಾಟಿದೆ, ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅಜ್ಜಿಗೂ ಹೀಗೇ ಆಗಿತ್ತು. ನಾನು ಬಿಟ್ಟು ಬಂದಿದ್ದಕ್ಕೇ ಹೀಗಾಯ್ತಾ, ಇಲ್ಲಿಗೇ ಕರೆಸಿಕೊಳ್ಳಲಾ ಅಂತ.

ನೀನು ವಿಮಾನ ಹತ್ತಿದ್ದಕ್ಕೆ ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ಬರುವುದಿಲ್ಲ. ಅಮ್ಮನಿಗೆ ಇರುವುದು ಅದೇ ಹೌದೋ ಅಲ್ಲವೋ ಇನ್ನೂ ಯಾರೂ ನೋಡಿಲ್ಲ. ಹೌದು ಅಂತಲೇ ಇಟ್ಟುಕೋ. ಆ ಕಾಯಿಲೆಯಲ್ಲಿ ಮಿದುಳಿನ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನ್ ಕಟ್ಟಿಕೊಳ್ಳುತ್ತದೆ, ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನ್ ಸಿಕ್ಕುಸಿಕ್ಕಾಗುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತೀರಿಹೋದ ರೋಗಿಯೊಬ್ಬರ ಮಿದುಳಿನಲ್ಲಿ ಕಂಡು ವಿವರಿಸಿದ್ದು ಇವನ್ನೇ. ಮರೆವು ಕಣ್ಣಿಗೆ ಬೀಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಇದು ಶುರುವಾಗಿರುತ್ತದೆ. ಅಂದರೆ ನೀನು ಇನ್ನೂ ಶಾಲೆಗೆ ಹೋಗಲು ಬಸ್ಸು ಕಾಯುತ್ತಿದ್ದ ಕಾಲಕ್ಕೆ.

ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. 65 ದಾಟಿದ ಮೇಲೆ ಹೆಚ್ಚುಕಮ್ಮಿ ಐದೈದು ವರ್ಷಕ್ಕೆ ಅಪಾಯ ಎರಡರಷ್ಟಾಗುತ್ತಾ ಹೋಗುತ್ತದೆ. ಹಾಗಂತ ಮುಪ್ಪಿಗೆ ಇದು ಸಹಜ ಅಂತಲ್ಲ, ತೊಂಬತ್ತಾದರೂ ಅಡಿಕೆ ಲೆಕ್ಕ ಬಾಯಲ್ಲೇ ಹೇಳುವ ಅಜ್ಜಂದಿರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅಜ್ಜಿಯ ವಿಷಯ ಕೇಳಿದ್ದೀಯಲ್ಲ. ರಕ್ತಸಂಬಂಧದಲ್ಲಿ ಇದ್ದರೆ ಅಪಾಯ ಸ್ವಲ್ಪ ಜಾಸ್ತಿ ಹೌದು. ಎಪಿಒಇ-4 ಅನ್ನುವ ಜೀನ್ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿದ್ದರೆ ಅಪಾಯ ಎರಡು ಮೂರು ಪಟ್ಟು, ಇಬ್ಬರಿಂದಲೂ ಬಂದಿದ್ದರೆ ಇನ್ನೂ ಹೆಚ್ಚು. ಆದರೆ ಆ ಜೀನ್ ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ತಾಯಿಯಿಂದ ಮಗಳಿಗೆ ನೇರವಾಗಿ ಇಳಿಯುವ ಬಗೆ ತೀರಾ ಅಪರೂಪ, ಅದು ಸಾಮಾನ್ಯವಾಗಿ ಅರವತ್ತೈದರ ಒಳಗೇ ಶುರುವಾಗುತ್ತದೆ. ಸುಮ್ನೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡ.

ನಮ್ಮ ಕೈಯಲ್ಲಿ ಇರುವುದನ್ನು ನೋಡು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಎಲ್ಲ ಬಗೆಯ ಮರೆವಿನ ಕಾಯಿಲೆಗಳನ್ನೂ ಸೇರಿಸಿ, ಬದಲಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನಲ್ಲಿ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಅಂದಾಜು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಬೀಡಿ ಸಿಗರೇಟು, ಕುಡಿತ, ತಲೆಗೆ ಬಿದ್ದ ಪೆಟ್ಟು, ಕಲುಷಿತ ಗಾಳಿ ಎಲ್ಲ ಅದರಲ್ಲಿವೆ. ಬಹಳ ಜನ ಊಹಿಸದ ಇನ್ನೊಂದು ಕಾರಣ ಕಿವಿ. ಕಿವಿ ಮಂದವಾದರೆ ಮಿದುಳಿಗೆ ಬರುವ ಮಾತೇ ಕಡಿಮೆ, ನಾಲ್ಕು ಜನ ಸೇರಿದಲ್ಲಿ ಹೋಗಲು ಸಂಕೋಚ, ಹಾಗೆ ಮೂಲೆ ಹಿಡಿಯುತ್ತಾರೆ. ಒಂಟಿತನವೂ ಆ ಪಟ್ಟಿಯಲ್ಲೇ ಇದೆ. ಮಲೆನಾಡಿನ ಮನೆ ನಿನಗೆ ಗೊತ್ತಲ್ಲ, ಪಕ್ಕದ ಮನೆ ಅಂದರೆ ಒಂದು ಗುಡ್ಡ ಇಳಿದು ಹಳ್ಳ ದಾಟಬೇಕು. ಜೂನ್ ಹಿಡಿದ ಮಳೆ ಬಿಡುವ ತನಕ ಯಾರೂ ಬರುವುದಿಲ್ಲ. ಅಮ್ಮ ಕೇಳಿದ್ದನ್ನೇ ಕೇಳುವುದು ನೀನು ಹೇಳಿದ್ದು ಕಿವಿಗೆ ಬೀಳದೆಯೂ ಇರಬಹುದು, ಅಲ್ವಾ? ಮೊದಲು ಕಿವಿ, ಆಮೇಲೆ ಕಣ್ಣಿನ ಪೊರೆ ತೋರಿಸು.

ಇನ್ನೊಂದು ಮಾತು. ಫೋನಿನಲ್ಲಿ ಏನೂ ತಿಳಿಯುವುದಿಲ್ಲ. ತೀರ್ಥಹಳ್ಳಿಯಲ್ಲಿದ್ದ ನಮ್ಮತ್ತೆ ಭಾನುವಾರ ಫೋನಿನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು! “ಊಟ ಆಯ್ತಾ? ಇಲ್ಲಿ ಮಳೆ ಜೋರು. ಚಳಿ ಇದೆಯಾ ಅಲ್ಲಿ?” ಇದಕ್ಕೆ ನೆನಪೇ ಬೇಡ, ಅಭ್ಯಾಸ ಸಾಕು. ಗೊತ್ತಾಗಿದ್ದು ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನಿಂದ. ಹಾಲು ಕೊಟ್ಟ ಲೆಕ್ಕಕ್ಕೆ ಅವರು ತಾರೀಖಿನ ಮೇಲೆ ಪೆನ್ಸಿಲ್ ಗೀಟು ಹಾಕುತ್ತಿದ್ದರು. ಒಂದೇ ದಿನಕ್ಕೆ ಎರಡು ಮೂರು ಗೀಟು, ಆಮೇಲೆ ವಾರವಿಡೀ ಖಾಲಿ. ಬಿಪಿ ಮಾತ್ರೆಯೂ ಹಾಗೇ ನಡೆದಿತ್ತು. ನಿಮ್ಮ ಮನೆಯಲ್ಲಿ ಇಂಥದ್ದನ್ನು ಹುಡುಕಲು ತೋಟದ ಕೆಲಸಕ್ಕೆ ಬರುವವರನ್ನೋ ದೊಡ್ಡಮ್ಮನನ್ನೋ ಕೇಳು. ಹಣದ ಲೆಕ್ಕ, ಮಾತ್ರೆ, ಒಲೆ ಆರಿಸುವುದು, ಮಾಡಿ ರೂಢಿಯಿದ್ದ ಅಡುಗೆಯಲ್ಲೇ ತಪ್ಪುವುದು, ಇವು ಹೆಸರು ಮರೆಯುವುದಕ್ಕಿಂತ ಮುಖ್ಯ.

ಮರೆವೆಲ್ಲ ಅಲ್ಜೈಮರ್ ಅಲ್ಲ. ಬಿ12 ವಿಟಮಿನ್ ಕಡಿಮೆಯಾದರೂ ಮರೆವು ಬರುತ್ತದೆ, ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಅದು ಸಾಮಾನ್ಯ. ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳೂ ಹೀಗೆ ಮಾಡುತ್ತವೆ. ಇವಕ್ಕೆ ಮದ್ದಿದೆ, ಅದಕ್ಕೇ ರಕ್ತ ಪರೀಕ್ಷೆ ಮೊದಲು. ಒಂದೆಲಗದ ತಂಬುಳಿ ಧಾರಾಳವಾಗಿ ಉಣ್ಣಲಿ, ರುಚಿಯೂ ಹೌದು ತಂಪೂ ಹೌದು. ಅಲ್ಜೈಮರ್ ತಡೆಯುತ್ತದೆ ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ. ಅಲ್ಯುಮಿನಿಯಂ ಪಾತ್ರೆಯಿಂದ ಬರುತ್ತದೆ ಅನ್ನುವುದಕ್ಕೂ ಇಲ್ಲ.

ಇನ್ನು ಕರೆಸಿಕೊಳ್ಳುವ ಮಾತು. ನನ್ನನ್ನು ಕೇಳಿದರೆ ಅವಸರ ಬೇಡ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ಒಮ್ಮೆ ಬಂದರೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು, ಆಸ್ಪತ್ರೆಗೆ ಸೇರಿಸಿದರೆ ಬಿಲ್ಲು ನಿನ್ನದೇ. ವಯಸ್ಸಾದ ಅಪ್ಪ ಅಮ್ಮನನ್ನು ಕಾಯಂ ಕರೆಸುವ ನಿಯಮ 2012ರಿಂದ ಎಷ್ಟು ಬಿಗಿ ಅಂದರೆ ಇಲ್ಲೇ ನೆಲೆಸಿದವರಿಗೂ ಸಿಗುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ನೀನು ಕೆಲಸಕ್ಕೆ ಹೋದ ಮೇಲೆ ಅವರು ಯಾರ ಜೊತೆ ಮಾತಾಡುತ್ತಾರೆ? ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಊರ ಮನೆಯಲ್ಲಾದರೆ ಬಚ್ಚಲು ಯಾವ ಕಡೆ, ಉಪ್ಪಿನ ಡಬ್ಬಿ ಎಲ್ಲಿ ಅಂತ ಕೈಕಾಲಿಗೇ ಗೊತ್ತು. ಇಲ್ಲಿ ಗ್ಯಾಸ್ ಹಚ್ಚುವುದನ್ನೂ ಹೊಸದಾಗಿ ಕಲಿಯಬೇಕು, ಹೊಸದನ್ನು ಹಿಡಿದಿಡುವ ಶಕ್ತಿಯೇ ಮೊದಲು ಹೋಗುವುದು. ಅದೇ ದುಡ್ಡಿನಲ್ಲಿ ಊರಲ್ಲಿ ಹಗಲು ಜೊತೆಗಿರಲು ಒಬ್ಬರನ್ನು ಗೊತ್ತುಮಾಡು.

ನೀನು ಹೋಗುವುದಾದರೆ ಕೊಯ್ಲಿನ ಗಡಿಬಿಡಿಯಲ್ಲಿ ಬೇಡ. ಆಗ ಮನೆ ತುಂಬ ಜನ, ಅಮ್ಮ ಯಾವ ಆಸ್ಪತ್ರೆಗೂ ಹೊರಡುವುದಿಲ್ಲ. ಮಾರ್ಚ್‌ನಲ್ಲಿ ಹೋಗು. ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದಲ್ಲಿ ನರರೋಗ ತಜ್ಞರಿಗೆ ತೋರಿಸು, ಅವರು ಹೇಳಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ. ಅಲ್ಲಿಯ ತನಕ ಕಿವಿ ಪರೀಕ್ಷೆ, ರಕ್ತ ಪರೀಕ್ಷೆ ಎರಡನ್ನೂ ದೊಡ್ಡಮ್ಮನ ಮಗನ ಹತ್ತಿರ ಮಾಡಿಸು. ಜಾಕೆಟ್ ವಿಷಯಕ್ಕೆ ಶನಿವಾರ ಫೋನ್ ಮಾಡು, ಒಟ್ಟಿಗೇ ಅಂಗಡಿಗೆ ಹೋಗೋಣ.