ಫ್ಲೆಕ್ಸ್ ಮೇಲೆ 42 ಫೋಟೊ, ಕ್ಲಾಸಿನಲ್ಲಿ ಎಷ್ಟು ಮಕ್ಕಳು?

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳು ಹತ್ತನೇ ತರಗತಿಯಲ್ಲಿ ಶೇ 91 ತೆಗೆದಿದ್ದಾಳೆ. ದಾದರ್ ಕಡೆಯ ಒಂದು ಜೂನಿಯರ್ ಕಾಲೇಜು (ಹನ್ನೊಂದು, ಹನ್ನೆರಡನೇ ತರಗತಿಯದು) ‘ನಮ್ಮ 42 ಮಕ್ಕಳು ಐಐಟಿಗೆ ಆಯ್ಕೆ’ ಎಂದು ಫ್ಲೆಕ್ಸ್ ಹಾಕಿದೆ. ಮನೆ ಹತ್ತಿರದ ಕಾಲೇಜಿನಿಂದ ಒಬ್ಬರೋ ಇಬ್ಬರೋ ಹೋಗಿದ್ದಾರಂತೆ. ದೂರವಾದರೂ ಅಲ್ಲಿಗೇ ಸೇರಿಸೋಣ ಅಂತಾರೆ ನಮ್ಮ ಮನೆಯವರು. ಏನು ಮಾಡಲಿ?

ಉತ್ತರ: ಮೊದಲು ಆ ‘ಆಯ್ಕೆ’ ಅಂದರೆ ಏನು ಅಂತ ಕೇಳಿ. ಎಂಜಿನಿಯರಿಂಗ್ ಪ್ರವೇಶದ ಮೊದಲ ಪರೀಕ್ಷೆ ಜೆಇಇ ಮೇನ್ ಬರೆದವರಲ್ಲಿ ಮೇಲಿನ ಎರಡೂವರೆ ಲಕ್ಷ ಮಕ್ಕಳಿಗೆ ಐಐಟಿ ಪ್ರವೇಶದ ಎರಡನೆಯ ಪರೀಕ್ಷೆ ಅಡ್ವಾನ್ಸ್ಡ್ ಬರೆಯುವ ಅವಕಾಶ ಸಿಗುತ್ತದೆ. 2025ರಲ್ಲಿ ಅಡ್ವಾನ್ಸ್ಡ್‌ನ ಎರಡೂ ಪೇಪರ್ ಬರೆದವರು 1,80,422. ಪಾಸಾದವರು 54,378. ಆದರೆ 23 ಐಐಟಿಗಳಲ್ಲಿ ಇದ್ದದ್ದು 18,160 ಸೀಟು. ಪಾಸಾದ ಮೂವರಲ್ಲಿ ಒಬ್ಬರಿಗೆ ಸೀಟು ಅಂದ ಹಾಗಾಯಿತು. ಫ್ಲೆಕ್ಸ್‌ನ 42 ಇದರಲ್ಲಿ ಯಾವ ಮೆಟ್ಟಿಲಿನ ಲೆಕ್ಕ? ಸೀಟು ಸಿಕ್ಕವರೆಷ್ಟು, ಯಾವ ಐಐಟಿ, ಯಾವ ಬ್ರಾಂಚ್ ಅಂತ ಕೇಳಿದರೆ ಆಫೀಸಿನವರು ಮಾತು ತಿರುಗಿಸುತ್ತಾರಾ, ನೋಡಿ.

ಇನ್ನೊಂದು, ಈ 42 ಎಷ್ಟು ಮಕ್ಕಳಲ್ಲಿ? 100ರಲ್ಲಿ 42 ಬೇರೆ, 900ರಲ್ಲಿ 42 ಬೇರೆ. ಅದಕ್ಕಿಂತ ದೊಡ್ಡ ವಿಷಯ ಕಟ್‌ಆಫ್. ಹನ್ನೊಂದನೆಯ ತರಗತಿ ಪ್ರವೇಶ ಹತ್ತನೆಯ ಅಂಕದ ಮೇಲೆ. ಹೆಸರಾದ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಮೊದಲೇ ಒಳ್ಳೆಯ ಅಂಕ ತೆಗೆದವರು. ಗಟ್ಟಿ ಕಾಳನ್ನೇ ಆರಿಸಿ ಬಿತ್ತಿದ ಮೇಲೆ ಬೆಳೆ ಚೆನ್ನಾಗಿ ಬಂದರೆ, ಅದು ಬೀಜದ ಗುಣವೋ ಹೊಲದ ಗುಣವೋ? ಹಾಗಾಗಿ ಫೋಟೊ ಬಂದವರನ್ನು ಬಿಡಿ. ನಿಮ್ಮ ಮಗಳ ಹಾಗೆ 90ರ ಆಸುಪಾಸಿನಲ್ಲಿ ಸೇರಿದವರು ಕೊನೆಗೆ ಎಲ್ಲಿಗೆ ಹೋದರು ಅಂತ ವಿಚಾರಿಸಿ. ನನ್ನ ಮಟ್ಟಿಗೆ ಕಾಲೇಜಿನ ಅಸಲಿ ರಿಸಲ್ಟ್ ಅದೇ.

ಒಂದೇ ಹುಡುಗನ ಫೋಟೊ ಕಾಲೇಜಿನ ಫ್ಲೆಕ್ಸ್‌ನಲ್ಲೂ ಕೋಚಿಂಗ್ ಕ್ಲಾಸಿನ ಫ್ಲೆಕ್ಸ್‌ನಲ್ಲೂ ನಗುತ್ತಿರುತ್ತದೆ, ಗಮನಿಸಿದ್ದೀರಾ? ಕಾಲೇಜಿನಲ್ಲಿ ಹೆಸರು ಮಾತ್ರ, ಪಾಠವೆಲ್ಲ ಕೋಚಿಂಗ್‌ನಲ್ಲಿ ಅನ್ನೋ ‘ಇಂಟಿಗ್ರೇಟೆಡ್’ ಪದ್ಧತಿ ಮುಂಬೈಯಲ್ಲಿ ಜಾಸ್ತಿ. ದಾದರ್‌ನದ್ದೂ ಹಾಗೇ ಇದ್ದರೆ ಫೀಸು ಯಾರಿಗೆ ಎಷ್ಟು, ಬೋರ್ಡ್ ಪಾಠ ಯಾರು ಮಾಡುತ್ತಾರೆ ಅಂತ ಕೇಳಿಕೊಳ್ಳಿ. ಐಐಟಿ ಸೀಟಿಗೆ ರ‍್ಯಾಂಕ್ ಬಂದರಷ್ಟೇ ಸಾಲದು. ಹನ್ನೆರಡನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 75 ಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇ 20ರೊಳಗೆ ಇರಬೇಕು.

ಮಾಟುಂಗದ ವಿಜೆಟಿಐ, ಐಸಿಟಿ, ಪುಣೆಯ ಸಿಒಇಪಿಯಂಥ ಎಂಜಿನಿಯರಿಂಗ್ ಸಂಸ್ಥೆಗಳ ಬಗ್ಗೆ ನೀವು ಕೇಳೇ ಇಲ್ಲ. ಅವುಗಳ ಸೀಟು ಹೆಚ್ಚಾಗಿ ಸಿಗುವುದು ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿ ಮೇಲೆ. ಅದರಲ್ಲಿ ಸುಮಾರು ಶೇ 80 ಪ್ರಶ್ನೆ ಹನ್ನೆರಡನೆಯದೇ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹತ್ತಿರದ ಕಾಲೇಜಿನಿಂದ ಇಲ್ಲಿಗೆಲ್ಲ ಎಷ್ಟು ಮಕ್ಕಳು ಹೋಗಿದ್ದಾರೆ? ಅದನ್ನೂ ಎಣಿಸಿ.

ಇಷ್ಟೆಲ್ಲ ಕೇಳಿದ ಮೇಲೂ ದಾದರ್‌ನದ್ದೇ ಸರಿ ಅನ್ನಿಸಿದರೆ, ಮಗಳ ಜೊತೆ ಒಂದು ಸೋಮವಾರ ಬೆಳಿಗ್ಗೆ ಏಳೂವರೆಯ ಲೋಕಲ್ ಹತ್ತಿ ಅಲ್ಲಿಯವರೆಗೆ ಹೋಗಿ ಬನ್ನಿ. ಹನ್ನೊಂದನೆಯ ಪ್ರವೇಶದ ಆನ್‌ಲೈನ್ ಫಾರ್ಮ್‌ನಲ್ಲಿ ಮೊದಲ ಆಯ್ಕೆಯ ಕಾಲೇಜನ್ನು ಅವಳೇ ತುಂಬಲಿ.