ನೂರು ಪೋಸ್ಟ್ ಇದ್ದರೂ ಮೂಲ ಒಂದೇ ಇರಬಹುದು

ನೆಟ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಇದರ ನಡುವೆ ನನ್ನದೇ ಅಭಿಪ್ರಾಯ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಯಾರು ಸರಿ ಅನ್ನುವ ಯೋಚನೆ ಆಮೇಲೆ ಇರಲಿ. ಇವರೆಲ್ಲ ಈ ಮಾತನ್ನು ಎಲ್ಲಿಂದ ತಂದರು ಅಂತ ನಾನು ಮೊದಲು ಹುಡುಕುತ್ತೇನೆ.

2015ರ ಒಂದು ಸುದ್ದಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಗುಂಪಿಗೇ ಸೇರಿಸಿತು. ಸಿಗರೇಟಿನಷ್ಟೇ ಅಪಾಯ ಅಂತ ಕೆಲವರು ಬರೆದರು. ಸುಮ್ನೆ ಹೆದರಿಸುತ್ತಿದ್ದಾರೆ ಅಂತ ಇನ್ನು ಕೆಲವರು. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ವರದಿ! ಅದನ್ನೇ ತೆರೆದು ಓದಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನಷ್ಟೇ ಆ ಗುಂಪು ಹೇಳುತ್ತದೆ. ಅಪಾಯ ಎಷ್ಟು ದೊಡ್ಡದು ಅನ್ನುವುದು ಬೇರೆ ಲೆಕ್ಕ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 18ರಷ್ಟು ಜಾಸ್ತಿ ಅಂತ ಅದರಲ್ಲಿತ್ತು. ಮೊದಲು ಎಷ್ಟಿದ್ದ ಸಾಧ್ಯತೆ ಶೇ 18ರಷ್ಟು ಜಾಸ್ತಿಯಾಗುತ್ತದೆ? ಇದನ್ನು ಕೇಳಲೇಬೇಕು. ನೂರು ಜನರಲ್ಲಿ 5 ಜನಕ್ಕೆ ಬರುತ್ತಿತ್ತು ಅಂತಿಟ್ಟುಕೊಂಡರೆ ಸುಮಾರು 6 ಆಗುತ್ತದೆ. ಇಷ್ಟು ತಿಳಿದ ಮೇಲೆ ಒಬ್ಬರು ತಿನ್ನುವುದನ್ನು ಬಿಡಬಹುದು, ಇನ್ನೊಬ್ಬರು ಕಡಿಮೆ ಮಾಡಬಹುದು. ಎರಡೂ ಸ್ವಂತ ಅಭಿಪ್ರಾಯವೇ, ಅಲ್ವಾ?

ಒಂದೇ ಮಾತು ಹತ್ತು ಕಡೆ ಕಂಡರೆ ನಿಜವಿರಬೇಕು ಅನ್ನಿಸುತ್ತದೆ. ಮತ್ತೆ ಮತ್ತೆ ಕೇಳಿದ್ದನ್ನು ಮನಸ್ಸು ನಂಬಿಬಿಡುತ್ತದೆ ಅಂತ ಮನಶ್ಶಾಸ್ತ್ರಜ್ಞರು 1977ರಲ್ಲೇ ತೋರಿಸಿದ್ದರು. ಹತ್ತು ಜನ ಒಬ್ಬನನ್ನೇ ನಕಲು ಮಾಡಿದ್ದರೆ ಅಲ್ಲಿರುವುದು ಒಂದೇ ಸಾಕ್ಷಿ.

ಪುಟ ಚೆನ್ನಾಗಿದೆ, ಭಾಷೆ ಗಂಭೀರವಾಗಿದೆ ಅಂತ ನಂಬಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾಗಿದ್ದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು ಇತಿಹಾಸಕಾರರು, ವಿದ್ಯಾರ್ಥಿಗಳು, ಫ್ಯಾಕ್ಟ್‌ಚೆಕ್ ಮಾಡುವವರು ವೆಬ್‌ಸೈಟ್‌ಗಳನ್ನು ಹೇಗೆ ಅಳೆಯುತ್ತಾರೆ ಅಂತ ನೋಡಿದ್ದರು. ಓದಿದವರೇ ಆದ ಇತಿಹಾಸಕಾರರಲ್ಲೂ ಹಲವರು ಪುಟದ ಅಂದಕ್ಕೆ ಮೋಸಹೋದರು. ಫ್ಯಾಕ್ಟ್‌ಚೆಕ್‌ನವರು ಆ ಪುಟವನ್ನು ಬೇಗ ಬಿಟ್ಟು, ಹೊಸ ಟ್ಯಾಬ್ ತೆರೆದು, ಇದರ ಹಿಂದೆ ಯಾರಿದ್ದಾರೆ ಅಂತ ಬೇರೆ ಕಡೆ ಹುಡುಕಿದರು. ಸರಿಯಾದ ಉತ್ತರಕ್ಕೆ ಬೇಗ ತಲುಪಿದವರೂ ಅವರೇ. ನಿಮಗೆ ಇಷ್ಟವಾಗುವ ಸುದ್ದಿಗೆ ಇದನ್ನು ತಪ್ಪದೆ ಮಾಡಿ, ಅದನ್ನೇ ನಾವು ಪರೀಕ್ಷಿಸದೆ ಒಳಗೆ ಬಿಟ್ಟುಕೊಳ್ಳುವುದು.

ಎಲ್ಲದಕ್ಕೂ ಇಷ್ಟು ಸಮಯ ಯಾರಿಗಿದೆ? ಆರೋಗ್ಯ, ದುಡ್ಡು, ವೋಟು, ಇನ್ನೊಬ್ಬರ ಮಾನ, ಇವುಗಳ ವಿಷಯವಾದರೆ ನಾನು ಮೂಲದವರೆಗೆ ಹೋಗುತ್ತೇನೆ. ಉಳಿದದ್ದಕ್ಕೆ ಗೊತ್ತಿಲ್ಲ ಅಂತ ಹೇಳಿ ಬಿಡುತ್ತೇನೆ, ಫಾರ್ವರ್ಡ್ ಕೂಡ ಮಾಡುವುದಿಲ್ಲ.