ಪುಣೆಯ ವಲಸಿಗರ ಮೇಲೆ ಕ್ರೈಂ ಸಿನಿಮಾ: ನಟರು ಬೇಕೇ, ನಿಜವಾದ ಕೂಲಿಗಳೇ ಬೇಕೇ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ನಮ್ಮ ಕಡೆಯಿಂದ ಪುಣೆಗೆ ದುಡಿಯಲು ಬಂದವರು, ಅವರ ಬಡತನ, ಪೊಲೀಸರ ಹಫ್ತಾ, ಇವನ್ನಿಟ್ಟುಕೊಂಡು ಒಂದು ಕಟುವಾದ ಕ್ರೈಂ ಸಿನಿಮಾ. ಅದನ್ನು ನಟರಿಂದ ಮಾಡಿಸಲೇ, ಕೆಲಸಕ್ಕಾಗಿ ಅಡ್ಡಾದಲ್ಲಿ ಕಾದು ನಿಲ್ಲುವ ಕೂಲಿಗಳಿಂದಲೇ ಮಾಡಿಸಲೇ ಎಂದು ಕೇಳಿದ್ದೀರಿ. ನಾನು ನಟರನ್ನೇ ಆರಿಸಿಕೊಂಡಿದ್ದೆ. ಆದರೂ ಒಬ್ಬರ ಅನ್ನಕ್ಕೆ ಕಲ್ಲು ಹಾಕಿದೆ.

ಅವರು ವಿಜಯಪುರದ ಕಡೆಯವರು, ನಾನು ಕಾಕಾ ಎನ್ನುತ್ತಿದ್ದೆ. ಒಂದು ಮಜೂರ್ ಅಡ್ಡಾದ ಪಕ್ಕದಲ್ಲಿ ತಳ್ಳುಗಾಡಿ ಇಟ್ಟುಕೊಂಡು ಮಿರ್ಚಿ ಭಜಿ, ಗಿರ್ಮಿಟ್ ಮಾರುತ್ತಿದ್ದರು. ಕೂಲಿಗಳನ್ನು ಕೆಲಸಕ್ಕೆ ಕರೆದೊಯ್ಯುವ ಗುತ್ತಿಗೆದಾರ ಮುಕಾದಮನಿಗಾಗಿ ಕಾದು ನಿಂತ ಕಲಬುರಗಿ, ಯಾದಗಿರಿಯ ಗಾರೆ ಕೆಲಸದವರು ಅವರ ಗಾಡಿಯನ್ನು ಮುತ್ತಿಕೊಂಡಿರುತ್ತಿದ್ದರು. ನಾನೋ ಲಾ ಕಾಲೇಜು ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಸಿನಿಮಾ ನೋಡಿ ನೋಡಿ, ಎರಡನೇ ಮಹಾಯುದ್ಧದ ನಂತರ ಇಟಲಿಯವರು ಬೀದಿಯ ಬಡವರನ್ನು ಪರದೆಗೆ ತಂದಂತೆ ನಾನೂ ತರುತ್ತೇನೆ ಎಂದು ಹೊರಟವನು. ಸಂಜೆ ವ್ಯಾಪಾರ ಇಳಿದ ಮೇಲೆ ಕಾಕಾ ನನ್ನೊಡನೆ ಮನಸ್ಸು ಬಿಚ್ಚಿ ಮಾತನಾಡುತ್ತಿದ್ದರು.

ಶನಿವಾರದ ಹಫ್ತಾ ಪೊಲೀಸ್ ಚೌಕಿಗೆ ಹೇಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಮಾಡಿಯೇ ತೋರಿಸಿದರು. ನೋಟನ್ನು ಮಡಿಸಿ, ಎಣ್ಣೆ ತಾಗದಂತೆ ಹಾಲಿನ ಪಾಕೀಟಿನ ತುಂಡಿನಲ್ಲಿ ಸುತ್ತಿ, ಹಳೆಯ ಪತ್ರಿಕೆಯ ಎರಡು ಪದರಗಳ ನಡುವೆ ಇಟ್ಟರು. ಅದರ ಮೇಲೆ ಎರಡು ಬಿಸಿ ಮಿರ್ಚಿ, ಆಮೇಲೆ ದಾರ. ಪಾನ್ ಅಂಗಡಿಯ ಹುಡುಗ ಆ ಪೊಟ್ಟಣವನ್ನು ತಿಂಡಿಯೆಂಬಂತೆ ಒಯ್ಯುತ್ತಿದ್ದ. ಹವಾಲ್ದಾರನಿಗೆ ಅವರು ಕೈಯಾರೆ ಹಣ ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅದು ತಪ್ಪೆಂದು ಮಾಡುವಾಗ ಗೊತ್ತಾಗುವುದೇ ಇಲ್ಲ. ಕಾಕಾ ಅವರ ಹೆಸರು ಬದಲಿಸಿದೆ. ಊರು ರಾಯಚೂರು ಮಾಡಿದೆ. ಮಿರ್ಚಿ ಗಾಡಿಯನ್ನು ವಡಾಪಾವ್ ಗಾಡಿ ಮಾಡಿದೆ. ಧಾರವಾಡದ ರಂಗನಟರೊಬ್ಬರನ್ನು ಕರೆಸಿ, ಬಾಡಿಗೆಯ ಗಾಡಿ ತಂದು, ನಗರದ ಇನ್ನೊಂದು ತುದಿಯಲ್ಲಿ ಚಿತ್ರೀಕರಿಸಿದೆ. ಇಷ್ಟೆಲ್ಲ ಮರೆಮಾಚಿ ಆ ಪೊಟ್ಟಣವನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ. ಹಾಲಿನ ಪಾಕೀಟಿನ ತುಂಡು ಕೂಡ! ಕುಳಿತು ಬರೆಯುವವನಿಗೆ ಎಂದೂ ಹೊಳೆಯದ ಉಪಾಯ ಅದು, ಅದಕ್ಕೇ ನನಗೆ ಬೇಕಾಗಿತ್ತು. ಬೇರೆ ಯಾರಿಗೂ ಹೊಳೆಯದ್ದೆಂದರೆ ಹಾಗೆ ಮಾಡುವವರು ಒಬ್ಬರೇ ಎಂದಾಯಿತಲ್ಲವೇ? ಅಷ್ಟು ಯೋಚಿಸಲಿಲ್ಲ. ಚಿತ್ರಕಥೆಯನ್ನು ಅವರಿಗೆ ಓದಿ ಹೇಳಿದ್ದರೆ ಆ ದೃಶ್ಯಕ್ಕೆ ಬಂದ ಕೂಡಲೇ ಕೈ ಹಿಡಿದು ನಿಲ್ಲಿಸುತ್ತಿದ್ದರು. ಪರದೆಯ ಮೇಲೆ ನೋಡಿ ಸಂತೋಷಪಡಲಿ ಎಂದು ಓದಲಿಲ್ಲ. ಮೇಲಾಗಿ ಅದೇ ದೃಶ್ಯವನ್ನು ಟೀಸರ್‌ನಲ್ಲಿ ಹಾಕಿದೆ.

ಟೀಸರ್ ಕೂಲಿಗಳ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿ ಪಾನ್ ಅಂಗಡಿಯ ಹುಡುಗನಿಗೆ ತಲುಪಿತು. ಅಲ್ಲಿಂದ ಚೌಕಿಗೆ ಎಷ್ಟು ದೂರ? ಕೆಲವೇ ದಿನಗಳಲ್ಲಿ ಕಾಕಾ ಅವರ ಗಾಡಿ ಟ್ರಕ್ ಏರಿತು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವಶಪಡಿಸಿಕೊಂಡ ಸಾಮಾನಿನ ಪಟ್ಟಿ ಕೊಡಬೇಕು, ಕೆಟ್ಟುಹೋಗುವ ಪದಾರ್ಥವನ್ನು ವ್ಯಾಪಾರಿ ಕೇಳಿದ ದಿನವೇ ಬಿಡಬೇಕು. ಅವರಿಗೆ ಒಂದು ಚೀಟಿಯೂ ಸಿಗಲಿಲ್ಲ. ದೂರು ಕೊಡೋಣ ಎಂದು ನಾನು ಕಾಯ್ದೆಯ ಪ್ರತಿ ಹಿಡಿದುಕೊಂಡು ಹೋದರೆ, ಅಷ್ಟರಲ್ಲಿ ಅವರಿಗೆ ಇನ್ನೊಂದು ಕಾಯ್ದೆಯ ಪಾಠವಾಗಿತ್ತು: ಲಂಚ ಕೊಟ್ಟವನೂ ಅಪರಾಧಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಹಾಗೆ ಹೇಳುತ್ತದೆ; ಬಲವಂತಕ್ಕೆ ಕೊಟ್ಟವನು 7 ದಿನಗಳೊಳಗೆ ವರದಿ ಮಾಡಿದರೆ ಮಾತ್ರ ರಿಯಾಯಿತಿ. ಸಿನಿಮಾದ ದೃಶ್ಯ ಸಾಕ್ಷ್ಯವಾಗುವುದಿಲ್ಲ ಎಂದು ವಕೀಲರು ಧೈರ್ಯ ಹೇಳಿದರು. ಹೆದರಿಸಲು ಸಾಕ್ಷ್ಯವೇಕೆ ಬೇಕು? "ತಮ್ಮಾ, ನಾಳೆ ಈ ಮೂಲೆಯಲ್ಲಿ ನಿಲ್ಲುವವನು ನಾನು, ನೀನಲ್ಲ" ಎಂದರು ಕಾಕಾ. ಆ ತಿಂಗಳೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದರು. ಟೀಸರ್ ತೆಗೆದೆ, ಸಿನಿಮಾ ಅರ್ಧಕ್ಕೇ ನಿಂತಿತು. ಅದಕ್ಕೆ ಸುರಿದ ಹಣದ ಮಾತು ಬಿಡಿ.

ಆದ್ದರಿಂದ ನಟರೋ ಕೂಲಿಗಳೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮುಖ ಯಾರದ್ದಾದರೂ ಇರಲಿ, ಕಥೆಯ ಯಾವ ವಿವರ ಯಾರ ಕಡೆಗೆ ಬೆರಳು ತೋರಿಸುತ್ತದೆ ಎಂಬುದನ್ನು ಮೊದಲು ಹುಡುಕಿ. ಕಥೆ ಕೊಟ್ಟವರ ಎದುರು ಕುಳಿತು ಪ್ರತಿ ದೃಶ್ಯ ಓದಿ. ಅವರು ಬೇಡವೆಂದದ್ದನ್ನು ಹೊಡೆದು ಹಾಕಿ, ಅದು ಇಡೀ ಚಿತ್ರದ ಅತ್ಯುತ್ತಮ ದೃಶ್ಯವಾಗಿದ್ದರೂ ಸರಿ.

ಚಿತ್ರ ಸಪ್ಪೆಯಾದೀತೆಂದು ಹೆದರಬೇಡಿ. ಭ್ರಷ್ಟಾಚಾರ ಎಲ್ಲರಿಗೂ ಗೊತ್ತಿರುವ ಕಾಗದಗಳಲ್ಲೇ ಬೇಕಾದಷ್ಟಿದೆ. ಪೊಲೀಸ್ ವಶದಲ್ಲಿನ ಸಾವುಗಳ ಕುರಿತಾದ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಬಂಧಿಸುವಾಗ ಪೊಲೀಸರು ಬರೆಯುವ ಮೆಮೊದಲ್ಲಿ ದಿನ, ಸಮಯ, ಸಾಕ್ಷಿಯ ಸಹಿ ಇರಬೇಕೆಂದಿತು. ಸಮಯದ ಜಾಗ ಖಾಲಿ ಬಿಟ್ಟ ಮೆಮೊಗೆ ಕನ್ನಡ ಮಾತ್ರ ಬಲ್ಲ ಹುಡುಗನೊಬ್ಬ ಮರಾಠಿಯಲ್ಲಿ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತುವ ದೃಶ್ಯ ಬರೆಯಿರಿ. ಮೈ ನಡುಗುತ್ತದೆ, ಆದರೆ ಯಾರ ಗಾಡಿಯೂ ಟ್ರಕ್ ಏರುವುದಿಲ್ಲ. ಮುಕಾದಮನನ್ನೂ ಬಿಡಬೇಡಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಗೆ ಪರವಾನಗಿ ಕಡ್ಡಾಯ ಮಾಡಿತ್ತು, ಕೂಲಿಗೆ ಸ್ಥಳಾಂತರ ಭತ್ಯೆಯನ್ನೂ ಗೊತ್ತುಪಡಿಸಿತ್ತು. ನಾನು ಮಾತನಾಡಿಸಿದ ಯಾವ ಕೂಲಿಯೂ ಆ ಭತ್ಯೆಯ ಹೆಸರು ಕೇಳಿರಲಿಲ್ಲ, ಅವರನ್ನು ಕರೆತಂದ ಮುಕಾದಮರು ಹೆಚ್ಚಿನವರು ನಮ್ಮ ಭಾಷೆಯವರೇ. ಮರಾಠಿ ಪೊಲೀಸ್ ಖಳ, ಕನ್ನಡದ ಕೂಲಿ ಮುಗ್ಧ ಎಂದು ಎರಡೇ ಪಾತ್ರ ಮಾಡಿದರೆ ಅದು ಸುಳ್ಳು ಸಿನಿಮಾ.

ಕಥೆ ಕೊಟ್ಟವರಿಗೆ ಬರಹಗಾರನಿಗೆ ಸಲ್ಲುವ ಹಣವನ್ನು ಚಿತ್ರೀಕರಣಕ್ಕೆ ಮೊದಲೇ ಕೊಡಿ. ಅವರು ಒಪ್ಪುವ ತನಕ ಟೀಸರ್ ಬಿಡಬೇಡಿ. ಇಷ್ಟಾದ ಮೇಲೆ ನಟರನ್ನು ಕರೆಸುತ್ತೀರೋ ಕೂಲಿಗಳನ್ನು ನಿಲ್ಲಿಸುತ್ತೀರೋ, ನಿಮ್ಮ ಕೈಯಲ್ಲಿರುವ ಹಣ ನೋಡಿ ತೀರ್ಮಾನಿಸಿ.